ಸಹಪಂಕ್ತಿ ಭೋಜನ

ಸಹಪಂಕ್ತಿ ಭೋಜನ ಎಂದರೆ ಬೇರೆ ಬೇರೆ ಜಾತಿ, ಮತ ಅಥವಾ ಅಂತಸ್ತಿನ ಜನರು ಒಂದೇ ಸಾಲಿನಲ್ಲಿ ಕುಳಿತು, ಒಂದೇ ಅಡುಗೆಯನ್ನು, ಒಂದೇ ಕೈಯಿಂದ ಬಡಿಸಿಸಿಕೊಂಡು ಊಟ ಮಾಡುವುದು. ಸಹಭೋಜನ, ಸಾಮೂಹಿಕ ಭೋಜನ ಎಂಬ ಹೆಸರುಗಳೂ ಬಳಕೆಯಲ್ಲಿವೆ. ಹಸಿದವರಿಗೆ ಅನ್ನ ನೀಡುವುದು ಭಾರತದ ಎಲ್ಲ ಧರ್ಮಗಳಲ್ಲಿಯೂ ಪುಣ್ಯಕಾರ್ಯವೆನಿಸಿದೆ. ಅದರ ವಿರುದ್ಧ ಯಾರೂ ವಾದಿಸಿದಂತಿಲ್ಲ. ವಿವಾದವೆದ್ದದ್ದು ಪಕ್ಕದಲ್ಲಿ ಯಾರು ಕುಳಿತಿದ್ದಾರೆ, ಅಡುಗೆ ಮಾಡಿದವರು ಯಾರು, ಬಡಿಸುವವರು ಯಾರು ಎಂಬ ಪ್ರಶ್ನೆಗಳ ಮೇಲೆ. ಆದುದರಿಂದ ಅನ್ನದಾನದ ಇತಿಹಾಸ ಮತ್ತು ಸಹಪಂಕ್ತಿಯ ಇತಿಹಾಸ ಒಂದೇ ಅಲ್ಲ.

ಪದಗಳು

'ಪಂಕ್ತಿ' ಎಂಬ ಸಂಸ್ಕೃತ ಪದಕ್ಕೆ ಸಾಲು ಎಂದರ್ಥ. ಊಟದ ಸಂದರ್ಭದಲ್ಲಿ ಒಮ್ಮೆಗೆ ಕುಳಿತು ಏಳುವ ಜನರ ಗುಂಪಿಗೆ ಈ ಹೆಸರು ನಿಂತಿದೆ. 'ಮೊದಲ ಪಂಕ್ತಿ', 'ಎರಡನೆಯ ಪಂಕ್ತಿ' ಎಂಬ ಮಾತು ಇಂದಿಗೂ ಮದುವೆಮನೆಗಳಲ್ಲಿ ಕೇಳಿಬರುತ್ತದೆ. ಜಾತಿಯ ಆಧಾರದ ಮೇಲೆ ಬೇರೆ ಬೇರೆ ಸಾಲುಗಳಲ್ಲಿ ಅಥವಾ ಬೇರೆ ಬೇರೆ ಸ್ಥಳಗಳಲ್ಲಿ ಊಟಕ್ಕೆ ಕೂರಿಸುವುದನ್ನು 'ಪಂಕ್ತಿಭೇದ' ಎನ್ನುತ್ತಾರೆ. ಸಿಖ್ಖರಲ್ಲಿ ಬಳಕೆಯಲ್ಲಿರುವ 'ಪಂಗತ್' ಎಂಬ ಪದವೂ ಇದೇ ಮೂಲದ್ದು. ಇಂಗ್ಲಿಷಿನಲ್ಲಿ ಸಮಾಜಶಾಸ್ತ್ರಜ್ಞರು ಬಳಸುವ 'ಕಮೆನ್ಸಾಲಿಟಿ' ಎಂಬ ಪಾರಿಭಾಷಿಕ ಪದ ಲ್ಯಾಟಿನ್ನಿನ 'ಮೆನ್ಸಾ', ಅಂದರೆ ಮೇಜು ಎಂಬುದರಿಂದ ಬಂದಿದೆ. ಒಂದೇ ಮೇಜನ್ನು ಹಂಚಿಕೊಳ್ಳುವವರು ಎಂಬುದು ಅದರ ತಿರುಳು.

ಕನ್ನಡದ ನಿತ್ಯದ ಮಾತಿನಲ್ಲಿ ಊಟಕ್ಕೆ ದೊಡ್ಡ ಸ್ಥಾನವಿದೆ. ಭೇಟಿಯಾದವರನ್ನು 'ಊಟ ಆಯಿತೇ?' ಎಂದು ಕೇಳುವುದು ಕುಶಲ ಪ್ರಶ್ನೆಯೇ ಹೊರತು ಆಹಾರದ ವಿಚಾರಣೆಯಲ್ಲ. 'ಅನ್ನದ ಋಣ', 'ಉಪ್ಪಿನ ಋಣ' ಎಂಬ ನುಡಿಗಟ್ಟುಗಳು ಉಂಡವನ ಮೇಲೆ ಬೀಳುವ ಹೊಣೆಯನ್ನು ಸೂಚಿಸುತ್ತವೆ. ಉಂಡ ಮನೆಗೆ ಎರಡು ಬಗೆಯಬಾರದು ಎಂಬ ಗಾದೆಯೂ ಇದೇ ನಂಬಿಕೆಯಿಂದ ಹುಟ್ಟಿದ್ದು. ಮನಸ್ತಾಪವಿರುವ ಮನೆಗೆ ಅನಿವಾರ್ಯವಾಗಿ ಹೋದವರು ನೀರನ್ನೂ ಮುಟ್ಟದೆ ಹಿಂದಿರುಗುವುದುಂಟು. ಅಲ್ಲಿ ನೀರು ಕುಡಿದರೆ ಜಗಳ ಮುಗಿಯಿತೆಂದೇ ಅರ್ಥ.

ಪಂಕ್ತಿಯ ನಿಯಮಗಳು

ಸಾಂಪ್ರದಾಯಿಕ ಸಮಾರಂಭದ ಊಟದಲ್ಲಿ ಬಾಳೆಲೆಯ ತುದಿ ಉಣ್ಣುವವರ ಎಡಕ್ಕೆ ಬರುವಂತೆ ಹಾಕಲಾಗುತ್ತದೆ. ಉಪ್ಪು, ಕೋಸಂಬರಿ, ಪಲ್ಯಗಳಿಂದ ಆರಂಭವಾಗಿ ಮಜ್ಜಿಗೆಯನ್ನದವರೆಗೆ ಬಡಿಸುವ ಕ್ರಮ ಪ್ರದೇಶದಿಂದ ಪ್ರದೇಶಕ್ಕೆ ಸ್ವಲ್ಪ ಬದಲಾಗುತ್ತದೆ. ಎಲ್ಲರ ಎಲೆಗೂ ಬಡಿಸಿದ ಮೇಲೆಯೇ ಕೈ ಹಾಕಬೇಕು, ಪಂಕ್ತಿ ಮುಗಿಯುವ ಮುನ್ನ ಒಬ್ಬರೇ ಏಳಬಾರದು ಎಂಬ ಎರಡು ನಿಯಮಗಳು ಮಾತ್ರ ಬಹುತೇಕ ಎಲ್ಲೆಡೆ ಸಮಾನ. ಯಜಮಾನರು ಸಾಲಿನ ಉದ್ದಕ್ಕೂ ಕೈಮುಗಿದು ನಡೆದು 'ಸಾವಕಾಶವಾಗಿ ಊಟ ಮಾಡಿ' ಎಂದು ಉಪಚರಿಸುವುದು ವಾಡಿಕೆ. ಬೇಗ ಉಣ್ಣುವವನೂ ನಿಧಾನವಾಗಿ ಉಣ್ಣುವ ಮುದುಕನೂ ಒಂದೇ ಹೊತ್ತಿಗೆ ಏಳಬೇಕಾಗಿರುವುದರಿಂದ ಪಂಕ್ತಿಯು ಉಣ್ಣುವವರೆಲ್ಲರನ್ನೂ ಕೆಲ ಹೊತ್ತು ಪರಸ್ಪರ ಕಟ್ಟಿಹಾಕುತ್ತದೆ. ನಿಂತು ಉಣ್ಣುವ ಬಫೆ ಪದ್ಧತಿಯಲ್ಲಿ ಈ ಕಟ್ಟು ಇಲ್ಲ. ಪಂಕ್ತಿಭೇದಕ್ಕೂ ಅಲ್ಲಿ ಎಡೆ ಕಡಿಮೆ ಎಂಬುದನ್ನು ಅದನ್ನು ಹಳಿಯುವ ಹಿರಿಯರು ಸಾಮಾನ್ಯವಾಗಿ ಗಮನಿಸುವುದಿಲ್ಲ.

ಮಡಿ, ಮೈಲಿಗೆ, ಎಂಜಲು, ಮುಸುರೆ ಎಂಬ ಕಲ್ಪನೆಗಳು ಈ ನಿಯಮಗಳಿಗೆ ಇನ್ನೊಂದು ಪದರವನ್ನು ಸೇರಿಸಿದವು. ಹಣ್ಣು, ಹಾಲು, ಬೇಯಿಸದ ಧಾನ್ಯಗಳನ್ನು ಯಾರಿಂದ ಬೇಕಾದರೂ ಪಡೆಯಬಹುದಾಗಿತ್ತು. ನೀರಿನಲ್ಲಿ ಬೇಯಿಸಿದ ಅನ್ನವನ್ನು ಪಡೆಯುವಂತಿರಲಿಲ್ಲ. ಹೀಗಾಗಿ ಭೂಮಿ ಉತ್ತು, ಭತ್ತ ಬೆಳೆದು, ಅಕ್ಕಿ ಮಾಡಿ ತಂದುಕೊಟ್ಟವನು ಅದೇ ಅಕ್ಕಿಯ ಅನ್ನವನ್ನು ಮುಟ್ಟಿದರೆ ಅದು ಮೈಲಿಗೆಯಾಗುತ್ತಿತ್ತು.

ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರು 1948ರಲ್ಲಿ ಮೈಸೂರು ಸಮೀಪದ ಹಳ್ಳಿಯೊಂದರಲ್ಲಿ (ಅವರ ಬರಹಗಳಲ್ಲಿ ಅದರ ಹೆಸರು 'ರಾಂಪುರ') ಕ್ಷೇತ್ರಕಾರ್ಯ ನಡೆಸಿದಾಗ, ಯಾರು ಯಾರ ಮನೆಯ ಬೇಯಿಸಿದ ಅನ್ನ ಮತ್ತು ನೀರನ್ನು ಸ್ವೀಕರಿಸುತ್ತಾರೆ ಎಂಬುದು ಜಾತಿಗಳ ಸ್ಥಾನಮಾನವನ್ನು ತಿಳಿಯುವ ಮುಖ್ಯ ಗುರುತಾಗಿರುವುದನ್ನು ದಾಖಲಿಸಿದರು. ಆ ಏಣಿಯೂ ನೇರವಾಗಿರಲಿಲ್ಲ. ಜನಿವಾರ ಧರಿಸುವ, ಸಸ್ಯಾಹಾರಿಗಳಾದ ವಿಶ್ವಕರ್ಮರು ತಮ್ಮನ್ನು ಉನ್ನತರೆಂದು ಭಾವಿಸಿದ್ದರು. ಆದರೆ ಊರಿನ ಅಸ್ಪೃಶ್ಯರು ಅವರ ಮನೆಯ ಅನ್ನ ನೀರನ್ನು ಮುಟ್ಟುತ್ತಿರಲಿಲ್ಲ. ಪ್ರತಿಯೊಂದು ಗುಂಪೂ ತನಗಿಂತ ಕೆಳಗೆ ಇನ್ನೊಂದನ್ನು ಗುರುತಿಸಲು ಊಟವನ್ನೇ ಸಾಧನವಾಗಿಸಿಕೊಂಡಿತ್ತು.

ಬಹಿಷ್ಕಾರವೂ ಊಟದ ಮೂಲಕವೇ ಜಾರಿಗೆ ಬರುತ್ತಿತ್ತು. ಕುಲದಿಂದ ಹೊರಗಾದವನಿಗೆ ಬೆಂಕಿ, ನೀರು, ಅನ್ನ ಯಾವುದನ್ನೂ ಕೊಡುವಂತಿರಲಿಲ್ಲ. ಅವನನ್ನು ಮತ್ತೆ ಸೇರಿಸಿಕೊಳ್ಳುವಾಗ ದಂಡದ ಜೊತೆಗೆ ಕುಲದವರಿಗೆಲ್ಲ ಊಟ ಹಾಕಿಸುವುದು ವಾಡಿಕೆಯಾಗಿತ್ತು.

ಅನ್ನದಾನ ಮತ್ತು ದಾಸೋಹ

ಋಗ್ವೇದದ ಹತ್ತನೆಯ ಮಂಡಲದಲ್ಲಿ ಹಂಚದೆ ಒಬ್ಬನೇ ಉಣ್ಣುವವನನ್ನು ನಿಂದಿಸುವ ಸೂಕ್ತವಿದೆ. ಜೈನರ ಚತುರ್ವಿಧ ದಾನಗಳಾದ ಆಹಾರ, ಅಭಯ, ಔಷಧ, ಶಾಸ್ತ್ರಗಳಲ್ಲಿ ಆಹಾರವೂ ಸೇರಿದೆ. ಕರ್ನಾಟಕದ ಶಾಸನಗಳಲ್ಲಿ ಸತ್ರ, ಅರವಟ್ಟಿಗೆಗಳಿಗೆ ಭೂಮಿ ಬಿಟ್ಟ ಉಲ್ಲೇಖಗಳು ಹೇರಳವಾಗಿವೆ. ಇವುಗಳಲ್ಲಿ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯ ಕೋಡಿಯ ಮಠದ 1162ರ ಶಾಸನ ವಿಶಿಷ್ಟವಾದುದು. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಹಾಡುವವರು, ವಾದ್ಯ ನುಡಿಸುವವರು, ಊರೂರು ತಿರುಗುವ ಸಾಧುಗಳು ಮುಂತಾದವರಿಗೆ ಆ ಮಠವು ಅನ್ನ ನೀಡುವ ತಾಣವಾಗಿತ್ತೆಂದೂ, ರೋಗಿಗಳಿಗೆ ಚಿಕಿತ್ಸೆಯ ಸ್ಥಳವಾಗಿತ್ತೆಂದೂ ಅದರಿಂದ ತಿಳಿದುಬರುತ್ತದೆ. ಅವರನ್ನು ಹೇಗೆ ಕೂರಿಸಲಾಗುತ್ತಿತ್ತು ಎಂಬ ವಿಷಯಕ್ಕೆ ಇಂಥ ಶಾಸನಗಳು ಸಾಮಾನ್ಯವಾಗಿ ಹೋಗುವುದಿಲ್ಲ.

ಅದೇ ಕಾಲದಲ್ಲಿ, ಅದೇ ಕಳಚುರಿ ಬಿಜ್ಜಳನ ಆಳ್ವಿಕೆಯಲ್ಲಿ, ಕಲ್ಯಾಣದ ಶರಣರು ಬೇರೊಂದು ದಾರಿ ಹಿಡಿದರು. 'ದಾಸೋಹ' ಎಂಬ ಪದ 'ನಾನು ದಾಸ' ಎಂಬ ಅರ್ಥದ ಸಂಸ್ಕೃತ ಮಾತಿನಿಂದ ಬಂದಿದೆ. ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ದಾಸೋಹದಲ್ಲಿ ಕೊಡುವವನೇ ಸೇವಕ. ದಾನ ಮಾಡಿದೆನೆಂಬ ಅಹಂಕಾರಕ್ಕೆ ಅಲ್ಲಿ ಅವಕಾಶವಿಲ್ಲ. ಜೊತೆಗೆ, ಕೊಡುವ ವಸ್ತು ಕಾಯಕದಿಂದ ಗಳಿಸಿದ್ದಾಗಿರಬೇಕೆಂಬ ನಿಯಮವೂ ಇತ್ತು. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಕಥೆ ಇದಕ್ಕೆ ಪ್ರಸಿದ್ಧ ಉದಾಹರಣೆ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮರಿಗೆ ಉಣಬಡಿಸುತ್ತಿದ್ದ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದುದನ್ನು ಹಿಂದಿರುಗಿಸಿ ಬರುವಂತೆ ಹೆಂಡತಿ ಲಕ್ಕಮ್ಮ ಹೇಳುತ್ತಾಳೆ.

ಶರಣರ ಚರಿತ್ರೆಯ ಕಾವ್ಯಗಳಲ್ಲಿ ಊಟದ ಪ್ರಸಂಗಗಳು ಮತ್ತೆ ಮತ್ತೆ ಬರುತ್ತವೆ. ಮಾದಾರ ಚೆನ್ನಯ್ಯನ ಅಂಬಲಿಯನ್ನು ಉಂಡ ಶಿವನು ಚೋಳ ರಾಜನ ನೈವೇದ್ಯವನ್ನು ಒಲ್ಲದೆ ಹೋದನೆಂಬ ಕಥೆಯಿದೆ. ಅಸ್ಪೃಶ್ಯ ಶರಣ ನಾಗಿದೇವನ ಮನೆಗೆ ಹೋಗಿ ಬಸವಣ್ಣ ಪ್ರಸಾದ ಸ್ವೀಕರಿಸಿದ್ದು, ಅದರ ಮೇಲೆ ಬಿಜ್ಜಳನ ಬಳಿಗೆ ದೂರು ಹೋದದ್ದು ಇನ್ನೊಂದು ಪ್ರಸಂಗ. ದೂರು ಕೊಟ್ಟವರ ಆಕ್ಷೇಪ ಬಸವಣ್ಣ ಆ ಕೇರಿಗೆ ಅನ್ನ ಕಳುಹಿಸಿದ ಎಂಬುದಲ್ಲ. ಅಲ್ಲಿ ಹೋಗಿ ಉಂಡ ಎಂಬುದು.

ದಾಸೋಹದ ಹೆಸರು ನಂತರದ ಶತಮಾನಗಳಲ್ಲಿ ಮಠಗಳಿಗೆ ಬಂದಿತು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಶಿವಕುಮಾರ ಸ್ವಾಮೀಜಿ (ನಿಧನ 2019) ಅವರ ಕಾಲದಲ್ಲಿ ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹವು ಸಾವಿರಾರು ಬಡ ವಿದ್ಯಾರ್ಥಿಗಳನ್ನು ಸಾಕಿತು. ಅಲ್ಲಿ ಜಾತಿ, ಮತ ಕೇಳದೆ ಮಕ್ಕಳನ್ನು ಸೇರಿಸಿಕೊಂಡು ಒಟ್ಟಿಗೆ ಕೂರಿಸಿ ಉಣಿಸಲಾಗುತ್ತದೆ.

ಪಂಗತ್: ಬೀದರಿನ ನಂಟು

ಗುರು ನಾನಕರಿಂದ ಆರಂಭವಾದ ಲಂಗರ್ ಪದ್ಧತಿಯನ್ನು ಮೂರನೆಯ ಗುರು ಅಮರದಾಸರು ಕಟ್ಟುನಿಟ್ಟಾಗಿಸಿದರು: ಮೊದಲು ಪಂಕ್ತಿಯಲ್ಲಿ ಕುಳಿತು ಉಣ್ಣಬೇಕು, ಆಮೇಲೆ ಗುರುವಿನ ದರ್ಶನ. ಮೊಗಲ್ ದೊರೆ ಅಕ್ಬರನೂ ಗೋಯಿಂದವಾಲದಲ್ಲಿ ನೆಲದ ಮೇಲೆ ಕುಳಿತು ಉಂಡ ಮೇಲೆಯೇ ಗುರುವನ್ನು ಕಂಡನೆಂಬುದು ಸಿಖ್ಖರ ಪರಂಪರೆಯಲ್ಲಿದೆ. ಪಂಜಾಬದ ಈ ಪದ್ಧತಿ ಕರ್ನಾಟಕದಲ್ಲಿಯೂ ನೆಲೆಗೊಂಡಿದೆ. ಬೀದರಿನ ಗುರು ನಾನಕ್ ಝೀರಾ ಸಾಹಿಬ್ ಗುರುದ್ವಾರದಲ್ಲಿ ಬಂದವರೆಲ್ಲರಿಗೂ ಲಂಗರ್ ಇದೆ. 1699ರಲ್ಲಿ ಖಾಲ್ಸಾ ಸ್ಥಾಪನೆಯಾದಾಗ ತಲೆಯೊಪ್ಪಿಸಲು ಮುಂದೆ ಬಂದ ಪಂಚ ಪ್ಯಾರೆಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರು. ಕಲ್ಯಾಣವು ಈಗ ಬೀದರ್ ಜಿಲ್ಲೆಯಲ್ಲಿಯೇ ಇರುವುದರಿಂದ, ದಾಸೋಹ ಮತ್ತು ಲಂಗರ್ ಎಂಬ ಎರಡು ಪರಂಪರೆಗಳು ಒಂದೇ ಜಿಲ್ಲೆಯಲ್ಲಿ ಉಳಿದುಬಂದಿವೆ.

ಹಬ್ಬ ಮತ್ತು ನೆರೆಹೊರೆ

ಉತ್ತರ ಕರ್ನಾಟಕದ ಎಳ್ಳ ಅಮಾವಾಸ್ಯೆಯಂದು ರೈತ ಕುಟುಂಬಗಳು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತವೆ. ಸಜ್ಜೆ ರೊಟ್ಟಿ, ಜೋಳದ ಕಡುಬು, ಪುಂಡಿಪಲ್ಯ, ಭಜ್ಜಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಮೊದಲಾದವು ಆ ಬುತ್ತಿಯಲ್ಲಿರುತ್ತವೆ. ಮೊದಲು ಬೆಳೆಯ ನಡುವೆ 'ಚರಗ' ಚೆಲ್ಲಿ ಭೂಮಿಗೆ ಉಣಿಸಿ, ಅನಂತರ ತಾವು ಉಣ್ಣುತ್ತಾರೆ. ಹೊಲವಿಲ್ಲದವರನ್ನೂ ಪೇಟೆಯ ಗೆಳೆಯರನ್ನೂ ಕರೆದೊಯ್ಯುವುದು ಈ ದಿನದ ವಿಶೇಷ. ಹಳೆಯ ಮೈಸೂರು ಭಾಗದಲ್ಲಿ ಸಂಕ್ರಾಂತಿಯಂದು ಎಳ್ಳು ಬೀರುವುದು ಇದಕ್ಕೆ ಸಮಾನವಾದ ಆಚರಣೆ. ಬೇಯಿಸದ ಎಳ್ಳು ಬೆಲ್ಲಕ್ಕೆ ಮೈಲಿಗೆಯ ಅಡ್ಡಿಯಿಲ್ಲದಿರುವುದು ಅದು ಬೀದಿಯ ತುಂಬ ಓಡಾಡಲು ಒಂದು ಕಾರಣವಾಗಿರಬಹುದು.

ಕಲ್ಯಾಣ ಕರ್ನಾಟಕದ ದರ್ಗಾಗಳಲ್ಲಿ ನಡೆಯುವ 'ಕಂದೂರಿ' ಎಂಬ ಊಟದಲ್ಲಿ ಹರಕೆ ಹೊತ್ತ ಹಿಂದೂ ಕುಟುಂಬಗಳೂ ಕುರಿ ಕೊಯ್ಯಿಸಿ ನೆಂಟರಿಷ್ಟರಿಗೆ, ಊರವರಿಗೆ ಉಣಬಡಿಸುತ್ತವೆ. ಕರಾವಳಿಯ ಕೊಂಕಣಿ ಕ್ರೈಸ್ತರು ಸೆಪ್ಟೆಂಬರ್ 8ರಂದು ಆಚರಿಸುವ ಮೊಂತಿ ಹಬ್ಬದಲ್ಲಿ ಹೊಸ ಭತ್ತದ ತೆನೆಯನ್ನು ಚರ್ಚಿನಲ್ಲಿ ಆಶೀರ್ವದಿಸಿ ಮನೆಗೆ ತಂದು, ಅದರ ಅಕ್ಕಿಯನ್ನು ಪಾಯಸ ಅಥವಾ ಹಾಲಿಗೆ ಬೆರೆಸಿ ಮನೆಮಂದಿಯೆಲ್ಲ ಸೇವಿಸುತ್ತಾರೆ. ಅಂದಿನ ಊಟ ಸಸ್ಯಾಹಾರದ್ದು. ದೂರದ ಊರಿನಲ್ಲಿ, ಪರದೇಶದಲ್ಲಿ ಇರುವ ಮಕ್ಕಳಿಗೆ ಆಶೀರ್ವದಿಸಿದ ಕಾಳುಗಳನ್ನು ಅಂಚೆಯಲ್ಲಿ ಕಳುಹಿಸುವ ರೂಢಿಯೂ ಇದೆ.

ನೆರೆಮನೆಯಿಂದ ಪಲ್ಯವೋ ಪಾಯಸವೋ ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬ ರೂಢಿ ಕರ್ನಾಟಕದುದ್ದಕ್ಕೂ ಇದೆ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಾರೆ. ಕೊಟ್ಟದ್ದು ಮರಳಿ ಕೊಡುವ ಹೊಣೆಯನ್ನು ಹುಟ್ಟಿಸುತ್ತದೆ ಎಂದು ಫ್ರೆಂಚ್ ಚಿಂತಕ ಮಾರ್ಸೆಲ್ ಮೋಸ್ 1925ರ ತನ್ನ ಪ್ರಬಂಧದಲ್ಲಿ ವಿವರಿಸಿದ ತತ್ತ್ವಕ್ಕೆ ಆ ಪಾತ್ರೆ ಒಳ್ಳೆಯ ನಿದರ್ಶನ.

ಇಪ್ಪತ್ತನೆಯ ಶತಮಾನದ ಚಳವಳಿಗಳು

ಸಹಭೋಜನವು ಸಾರ್ವಜನಿಕ ಪ್ರತಿಭಟನೆಯ ರೂಪ ತಳೆದುದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಕೇರಳದ ಚೆರಾಯಿಯಲ್ಲಿ ನಾರಾಯಣ ಗುರುಗಳ ಅನುಯಾಯಿ ಅಯ್ಯಪ್ಪನ್ ಅವರು 1917ರ ಮೇ 29ರಂದು 'ಮಿಶ್ರಭೋಜನ' ಏರ್ಪಡಿಸಿ, ಈಳವರನ್ನು ಪುಲಯರೊಂದಿಗೆ ಒಟ್ಟಿಗೆ ಕೂರಿಸಿದರು. ಅದರಿಂದ ಅವರ ಮೇಲೆ ತಿರುಗಿಬಿದ್ದವರು ಸವರ್ಣೀಯರಿಗಿಂತ ಹೆಚ್ಚಾಗಿ ಸ್ವಂತ ಸಮುದಾಯದವರೇ. 'ಪುಲಯನ್ ಅಯ್ಯಪ್ಪನ್' ಎಂದು ಹಂಗಿಸಿದಾಗ ಅವರು ಆ ಹೆಸರನ್ನು ಬಿರುದಾಗಿ ಸ್ವೀಕರಿಸಿದರು. ಇತಿಹಾಸದಲ್ಲಿ 'ಸಹೋದರನ್ ಅಯ್ಯಪ್ಪನ್' ಎಂದು ಪ್ರಸಿದ್ಧರಾದರು. ನಾರಾಯಣ ಗುರುಗಳು ಅವರ ಬೆನ್ನಿಗೆ ನಿಂತರು. ಮಂಗಳೂರಿನ ಕುದ್ರೋಳಿಯಲ್ಲಿ 1912ರಲ್ಲಿ ಬಿಲ್ಲವರಿಗಾಗಿ ಗೋಕರ್ಣನಾಥ ದೇವಾಲಯವನ್ನು ಪ್ರತಿಷ್ಠಾಪಿಸಿದವರೂ ಇದೇ ಗುರುಗಳು.

ತಮಿಳುನಾಡಿನ ಚೇರನ್ಮಹಾದೇವಿಯಲ್ಲಿ ವಿ. ವಿ. ಎಸ್. ಅಯ್ಯರ್ ನಡೆಸುತ್ತಿದ್ದ ರಾಷ್ಟ್ರೀಯ ಗುರುಕುಲದಲ್ಲಿ ಬ್ರಾಹ್ಮಣ ವಿದ್ಯಾರ್ಥಿಗಳಿಗೆ ಪ್ರತ್ಯೇಕ ಊಟದ ವ್ಯವಸ್ಥೆ ಇದ್ದುದು ಬೆಳಕಿಗೆ ಬಂದಾಗ ದೊಡ್ಡ ವಿವಾದವೆದ್ದಿತು. ಕಾಂಗ್ರೆಸ್ಸಿನ ನೆರವು ಪಡೆದ ಸಂಸ್ಥೆಯಲ್ಲಿ ಹೀಗಾದುದು ಪೆರಿಯಾರ್ ಅವರು 1925ರಲ್ಲಿ ಆ ಪಕ್ಷವನ್ನು ತೊರೆಯಲು ಕಾರಣವಾದ ಸಂಗತಿಗಳಲ್ಲಿ ಒಂದು. ಒಂದು ಪ್ರಾಂತದ ರಾಜಕೀಯದ ದಿಕ್ಕು ಬದಲಾದುದರ ಹಿಂದೆ ಮಕ್ಕಳ ಊಟದ ಸಾಲೊಂದು ಇತ್ತು.

ಗಾಂಧೀಜಿಯವರು ಆರಂಭದಲ್ಲಿ ಅಸ್ಪೃಶ್ಯತೆಯನ್ನು ವಿರೋಧಿಸಿದರೂ, ಸಹಭೋಜನವು ಅದಕ್ಕೆ ಅವಶ್ಯವೆಂದು ಒತ್ತಾಯಿಸಲಿಲ್ಲ. ಮುಂದೆ ಅವರ ನಿಲುವು ಬದಲಾಯಿತು. ಅಂಬೇಡ್ಕರ್ ಅವರ ದೃಷ್ಟಿ ಬೇರೆಯಾಗಿತ್ತು. 1936ರಲ್ಲಿ ಪ್ರಕಟವಾದ 'ಜಾತಿ ವಿನಾಶ' ಭಾಷಣದಲ್ಲಿ ಅವರು, ಪರಸ್ಪರ ಊಟಕ್ಕೆ ಅಡ್ಡಿಯಿಲ್ಲದ ಜಾತಿಗಳ ನಡುವೆಯೂ ಜಾತಿಭಾವನೆ ಸತ್ತಿಲ್ಲವೆಂದು ತೋರಿಸಿ, ಅಂತರ್ಜಾತಿ ವಿವಾಹವೇ ನಿಜವಾದ ಮದ್ದು ಎಂದು ವಾದಿಸಿದರು. ಸಹಭೋಜನದ ಬಗ್ಗೆ ಬಂದ ಟೀಕೆಗಳಲ್ಲಿ ಇದು ಅತ್ಯಂತ ಗಂಭೀರವಾದುದು. ವರ್ಷಕ್ಕೊಮ್ಮೆ ಛಾಯಾಚಿತ್ರದ ಮುಂದೆ ನಡೆಯುವ, ಹೋಟೆಲಿನಿಂದ ತರಿಸಿದ ತಿಂಡಿಯನ್ನು ದಲಿತರ ಮನೆಯಲ್ಲಿ ಕುಳಿತು ತಿನ್ನುವ ಇಂದಿನ ಕಾರ್ಯಕ್ರಮಗಳಿಗೆ ಆ ಟೀಕೆ ಇನ್ನೂ ಹೆಚ್ಚು ಅನ್ವಯಿಸುತ್ತದೆ.

ಸಂವಿಧಾನದ 15ನೆಯ ವಿಧಿಯು ಉಪಾಹಾರ ಗೃಹಗಳ ಪ್ರವೇಶದಲ್ಲಿ ತಾರತಮ್ಯವನ್ನು ನಿಷೇಧಿಸಿತು. 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಪಡಿಸಿತು. 1955ರ ಕಾಯಿದೆ ಅದನ್ನು ಶಿಕ್ಷಾರ್ಹ ಅಪರಾಧವಾಗಿಸಿತು. ಆದರೂ ಹಳ್ಳಿಯ ಚಹದಂಗಡಿಗಳಲ್ಲಿ ದಲಿತರಿಗೆ ಬೇರೆ ಲೋಟ ಇಡುವ ಪದ್ಧತಿ ಬಹುಕಾಲ ಮುಂದುವರಿಯಿತು, ಅಲ್ಲಲ್ಲಿ ಈಗಲೂ ವರದಿಯಾಗುತ್ತದೆ. ಇತರರು ಉಂಡ ಎಂಜಲೆಲೆಗಳ ಮೇಲೆ ಉರುಳುವ 'ಮಡೆ ಸ್ನಾನ'ದಂಥ ಆಚರಣೆಗಳನ್ನು ಕರ್ನಾಟಕವು 2017ರ ಅಮಾನವೀಯ ದುಷ್ಟ ಪದ್ಧತಿಗಳ ನಿಷೇಧ ಕಾಯಿದೆಯ ವ್ಯಾಪ್ತಿಗೆ ತಂದಿತು. ಅದೇ ವರ್ಷದ ರಂಜಾನ್ ತಿಂಗಳಲ್ಲಿ ಪೇಜಾವರ ವಿಶ್ವೇಶತೀರ್ಥ ಸ್ವಾಮೀಜಿ ಉಡುಪಿಯ ಕೃಷ್ಣಮಠದ ಆವರಣದಲ್ಲಿ ಮುಸ್ಲಿಮರಿಗೆ ಇಫ್ತಾರ್ ಏರ್ಪಡಿಸಿದ್ದು ಕೆಲವು ಸಂಘಟನೆಗಳ ಪ್ರತಿಭಟನೆಗೆ ಗುರಿಯಾಯಿತು.

ಬಿಸಿಯೂಟ

ಸಹಪಂಕ್ತಿಯು ದಿನನಿತ್ಯ, ಅತ್ಯಂತ ದೊಡ್ಡ ಪ್ರಮಾಣದಲ್ಲಿ ನಡೆಯುವುದು ಸರ್ಕಾರಿ ಶಾಲೆಗಳಲ್ಲಿ. ಸರ್ವೋಚ್ಚ ನ್ಯಾಯಾಲಯವು 2001ರ ನವೆಂಬರ್ 28ರಂದು, ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಬೇಯಿಸಿದ ಊಟವನ್ನೇ ನೀಡಬೇಕೆಂದು ಆದೇಶಿಸಿತು. ಅದುವರೆಗೆ ಅನೇಕ ರಾಜ್ಯಗಳಲ್ಲಿ ಮಕ್ಕಳಿಗೆ ಧಾನ್ಯವನ್ನು ಅಳೆದು ಮನೆಗೆ ಕಳುಹಿಸಲಾಗುತ್ತಿತ್ತು. ಧಾನ್ಯದಿಂದ ಅನ್ನಕ್ಕೆ ಆದ ಈ ಬದಲಾವಣೆ ಪೌಷ್ಟಿಕತೆಯ ದೃಷ್ಟಿಯಿಂದ ಮಾತ್ರ ಮಹತ್ತ್ವದ್ದಲ್ಲ. ಧಾನ್ಯವನ್ನು ಪಡೆದವನು ಮನೆಗೆ ಹೋಗಿ ತನ್ನವರೊಂದಿಗೆ ಉಣ್ಣುತ್ತಾನೆ; ಬೇಯಿಸಿದ ಅನ್ನವನ್ನು ಪಕ್ಕದವನೊಂದಿಗೆ ಕುಳಿತು ಉಣ್ಣಬೇಕಾಗುತ್ತದೆ.

ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯ ಭಾಗದ ಜಿಲ್ಲೆಗಳಿಂದ ಆರಂಭವಾದ ಈ ಯೋಜನೆಗೆ 'ಅಕ್ಷರ ದಾಸೋಹ' ಎಂದು ಶರಣರ ಪದವನ್ನೇ ಇಡಲಾಯಿತು. ಜನರ ಬಾಯಲ್ಲಿ ಅದು 'ಬಿಸಿಯೂಟ'. ನ್ಯಾಯಾಲಯವು 2004ರ ಇನ್ನೊಂದು ಆದೇಶದಲ್ಲಿ ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದ್ಯತೆ ನೀಡಬೇಕೆಂದಿತು. ದಲಿತ ಮಹಿಳೆ ಅಡುಗೆ ಮಾಡಿದಳೆಂಬ ಕಾರಣಕ್ಕೆ ಮಕ್ಕಳನ್ನು ಊಟಕ್ಕೆ ಬಿಡದ, ಶಾಲೆಯಿಂದಲೇ ಬಿಡಿಸಿದ ಪಾಲಕರ ಪ್ರಕರಣಗಳು ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳಿಂದ ವರದಿಯಾಗಿವೆ. ಕೆಲವೆಡೆ ಅಧಿಕಾರಿಗಳು ಮತ್ತು ಶಿಕ್ಷಕರು ಮಕ್ಕಳೊಂದಿಗೆ ಕುಳಿತು ಉಂಡು ಬಿಕ್ಕಟ್ಟು ಬಗೆಹರಿಸಿದರೆ, ಕೆಲವೆಡೆ ಅಡುಗೆಯವರನ್ನೇ ಬದಲಿಸಿ ಸುಮ್ಮನಾದರು. ಎರಡನೆಯ ಕ್ರಮವು ಯೋಜನೆಯ ಉದ್ದೇಶಕ್ಕೇ ವಿರುದ್ಧವಾದುದು. ಇಂಥ ಪ್ರಕರಣಗಳಲ್ಲಿ ಆಕ್ಷೇಪ ಸಾಮಾನ್ಯವಾಗಿ ಮನೆಯಿಂದ ಬರುತ್ತದೆಯೇ ಹೊರತು ಮಕ್ಕಳಿಂದಲ್ಲ. ಒಂದನೆಯ ತರಗತಿಯ ಮಗುವಿಗೆ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವಾಗ ಕಾಣುವುದು ಮುಂದೆ ನಿಂತವರ ಬೆನ್ನು ಮತ್ತು ಹಂಡೆಯ ಹಬೆ.

ಸಾರ್ವಜನಿಕ ಊಟದ ಇತ್ತೀಚಿನ ಇನ್ನೊಂದು ರೂಪ 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನ್. 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ನಿಗದಿಯಾಗಿದ್ದ ಅಲ್ಲಿ ದುಡ್ಡು ಕೊಟ್ಟವರಿಗೆಲ್ಲ ಒಂದೇ ಬಗೆಯ ಊಟ, ಒಂದೇ ಕಟ್ಟೆ.

ಮನೆಯೊಳಗಿನ ಪಂಕ್ತಿ

ಪಂಕ್ತಿಭೇದದ ಚರ್ಚೆಯಲ್ಲಿ ಹೆಚ್ಚಾಗಿ ಮರೆತುಹೋಗುವುದು ಅಡುಗೆಮನೆ. ಗಂಡಸರು, ಮಕ್ಕಳು, ಅತಿಥಿಗಳು ಉಂಡೆದ್ದ ಮೇಲೆ ಹೆಂಗಸರು ಉಳಿದುದನ್ನು ಉಣ್ಣುವ ಪದ್ಧತಿ ಜಾತಿಭೇದವಿಲ್ಲದೆ ಎಲ್ಲ ಸಮುದಾಯಗಳಲ್ಲಿ ಇತ್ತು. ಕೊರತೆಯ ದಿನಗಳಲ್ಲಿ ಇದರ ಪರಿಣಾಮ ನೇರವಾಗಿ ಅವರ ಹೊಟ್ಟೆಯ ಮೇಲೆ ಆಗುತ್ತಿತ್ತು. ವಿಧವೆಯರಿಗೆ, ಮುಟ್ಟಾದವರಿಗೆ ಕೂರುವ ಜಾಗವೂ ಬೇರೆ. ಮದುವೆಯ 'ಭೂಮದ ಊಟ'ದಲ್ಲಿ ವಧೂವರರು ಒಟ್ಟಿಗೆ ಉಣ್ಣುವ ಶಾಸ್ತ್ರವಿದೆ. ಅನೇಕ ಹೆಂಗಸರ ಪಾಲಿಗೆ ಗಂಡನೊಡನೆ ಸರಿಸಮನಾಗಿ ಕುಳಿತು ಉಂಡ ಮೊದಲ ಊಟವೂ, ಬಹುಕಾಲದವರೆಗೆ ಕೊನೆಯದೂ ಅದೇ ಆಗಿರುತ್ತಿತ್ತು. ಎಲ್ಲರೂ ಮೇಜಿನ ಸುತ್ತ ಕುಳಿತು ತಾವೇ ಬಡಿಸಿಕೊಳ್ಳುವ ಕ್ರಮ ನಗರಗಳ ಮನೆಗಳಲ್ಲಿ ರೂಢಿಗೆ ಬಂದುದರಿಂದ ಇದು ಸಾಕಷ್ಟು ಬದಲಾಗಿದೆ.

ಕನ್ನಡ ಸಾಹಿತ್ಯದಲ್ಲಿ

ಕನಕದಾಸರ 'ರಾಮಧಾನ್ಯ ಚರಿತೆ'ಯಲ್ಲಿ ರಾಗಿ ಮತ್ತು ಭತ್ತಗಳು ತಮ್ಮಲ್ಲಿ ಯಾರು ಶ್ರೇಷ್ಠರೆಂದು ರಾಮನ ಮುಂದೆ ವಾದಿಸುತ್ತವೆ. ಆರು ತಿಂಗಳು ಸೆರೆಯಲ್ಲಿಟ್ಟಾಗ ಭತ್ತ ಕೆಡುತ್ತದೆ, ರಾಗಿ ಉಳಿಯುತ್ತದೆ. ಉಣ್ಣುವ ಧಾನ್ಯದ ಮೇಲೂ ಮೇಲುಕೀಳಿನ ಮುದ್ರೆ ಇದ್ದ ಸಮಾಜದಲ್ಲಿ ಹುಟ್ಟಿದ ಕೃತಿ ಇದು.

ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ' (1965) ಕಾದಂಬರಿಯ ಕೊನೆಯ ಭಾಗದಲ್ಲಿ, ಸೂತಕದಲ್ಲಿರುವ ಪ್ರಾಣೇಶಾಚಾರ್ಯ ಮೇಳಿಗೆಯ ರಥೋತ್ಸವದ ಸಂತರ್ಪಣೆಯ ಪಂಕ್ತಿಯಲ್ಲಿ ಕುಳಿತುಬಿಡುತ್ತಾನೆ. ತನ್ನ ಗುರುತು ಸಿಕ್ಕರೆ ಇಡೀ ಸಾಲೇ ಮೈಲಿಗೆಯಾಗುತ್ತದೆ ಎಂಬ ಭಯದಲ್ಲಿ ಅವನು ಉಣ್ಣುತ್ತಾನೆ; ಗುರುತಿಸಿದವರ ದನಿ ಕೇಳಿದಾಗ ಎಲೆ ಬಿಟ್ಟು ಏಳುತ್ತಾನೆ. ವಿದ್ವತ್ತಿನ ಬಲದಿಂದ ಇತರರಿಗೆ ಧರ್ಮ ಹೇಳುತ್ತಿದ್ದವನು ಊಟದ ಸಾಲಿನಲ್ಲಿ ಪರಕೀಯನಾಗುವ ಸನ್ನಿವೇಶ ಅದು.

ದೇವನೂರ ಮಹಾದೇವ ಅವರ 'ಒಡಲಾಳ'ದಲ್ಲಿ ಬೇರೆಯದೇ ಊಟವಿದೆ. ಸಾಕವ್ವನ ಮನೆಗೆ ಕದ್ದು ತಂದ ಕಡಲೆಕಾಯಿಯ ಮೂಟೆ ಬರುತ್ತದೆ. ಬೆಳಗಾಗುವುದರೊಳಗೆ ಗುರುತು ಉಳಿಯಬಾರದು. ಮುದುಕಿಯಿಂದ ಮೊಮ್ಮಕ್ಕಳವರೆಗೆ ಮನೆಮಂದಿಯೆಲ್ಲ ರಾತ್ರಿ ಒಟ್ಟಿಗೆ ಕುಳಿತು ಅದನ್ನು ತಿಂದು ಮುಗಿಸುತ್ತಾರೆ.